ಎರವಲು

ಡಾಕಾರಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ
ನನ್ನದು ನೆಲಮಹಡಿಯ ಮೂರನೇ ಮೇಜು.
ಇಲ್ಲಿ ಇಲ್ಲದ ಪುಸ್ತಕವನ್ನು
ಇನ್ನೆಲ್ಲಿಂದಲೋ ಎರವಲು ತರಿಸುವ ಕೆಲಸ.
ಹಗಲೆಲ್ಲ ‘ಇಲ್ಲ’ ಎಂದೇ ಸಂಬಳ ಎಣಿಸುವವನಿಗೆ
‘ಬಂತು’ ಎಂಬ ಮಾತು ನಾಲಿಗೆಗೆ ಬೆಲ್ಲ.

ಸಾಫಿಯೆಟು ಬಾಜಿ ಬಂದಾಗ ಕರೆಂಟು ಹೋಗಿತ್ತು.
ದಕ್ಷಿಣದ ಕಾಸಮಾನ್ಸಿನವಳು, ಹಿನ್ನೀರಿನ ಕಡೆಯ ಹುಡುಗಿ.
ಸಂಶೋಧನೆ: ಉಪ್ಪುನೆಲದ ಭತ್ತ.
ಚೀಟಿಯಲ್ಲಿ ಬರೆದಿದ್ದಳು: ಕೃಷಿ ಇಲಾಖೆಯ ಸಮೀಕ್ಷೆ,
ಸಾವಿರದ ಒಂಬೈನೂರ ಮೂವತ್ತೇಳೋ ಎಂಟೋ,
ಬರೆದವನ ಹೆಸರು ‘ಲ’ದಿಂದ ಶುರು.
‘ಇಷ್ಟೇನಾ?’
‘ಇಷ್ಟೇ. ಯಾರದೋ ಅಡಿಟಿಪ್ಪಣಿಯಲ್ಲಿ ಸಿಕ್ಕಿತು.’
ಅಡಿಟಿಪ್ಪಣಿ ನಂಬಿ ಬಂದವರನ್ನು
ಬರಿಗೈಲಿ ಕಳಿಸಬಾರದು;
ಈ ನಿಯಮ ಎಲ್ಲೂ ಬರೆದಿಟ್ಟಿಲ್ಲ.

ಕರೆಂಟು ಬಂದ ಮೇಲೆ ಕಂಪ್ಯೂಟರನ್ನು ಕೇಳಿದೆವು.
ಭತ್ತ ಎಂದರೆ ನಲವತ್ತು ಸಾವಿರ,
ಭತ್ತ ಮತ್ತು ಉಪ್ಪು ಎಂದರೆ ಮುನ್ನೂರು,
ವರ್ಷ ಸೇರಿಸಿದರೆ ಒಂದು.
ಆ ಒಂದರ ಉತ್ತರ ಅಡ್ಡಗೋಡೆಯ ಮೇಲಿನ ದೀಪ:
ನಮೂದು ಇದೆ, ಜಾಗ ತಿಳಿಯದು.
ಹಳೆಯ ಕಾರ್ಡುಗಳ ಡ್ರಾಯರು ಎಳೆದರೆ
‘ಲ’ದಿಂದ ‘ಮ’ದವರೆಗೆ ಗೆದ್ದಲು ಓದಿ ಮುಗಿಸಿತ್ತು.

ಮಾಂಪೆಲಿಯೆಗೆ ಬರೆದೆ. ಮೂರು ಪ್ರತಿ, ಎರಡು ಮುದ್ರೆ.
ದಿನಾ ಬಂದಳು. ಕಿಟಕಿ ಪಕ್ಕ ಕೂತು
ಕದ್ದು ಕಡಲೆಕಾಯಿ ತಿಂದಳು; ನಾನು ನೋಡಲಿಲ್ಲ.
ಮರುಭೂಮಿಯ ಧೂಳು ಬಂದು ಮೇಜಿನ ಮೇಲೆ ಕೂತಿತು,
ಒರೆಸಿದೆ, ಮತ್ತೆ ಕೂತಿತು.
ಹದಿನೇಳನೇ ದಿನ ಉತ್ತರ:
‘ನಮಗೆ ತಿಳಿದಂತೆ ಉಳಿದಿರುವುದು ಒಂದೇ ಪ್ರತಿ.
ಅದು ತಮ್ಮಲ್ಲೇ ಇದೆ. ಆದರಪೂರ್ವಕ ವಂದನೆಗಳು.’

ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಕೀಲಿಗೊಂಚಲಿನ ಗೋರ್ಗಿ ಎನ್‌ದಾವ್‌ಗೆ
ನಿವೃತ್ತಿಗಿನ್ನು ನಾಲ್ಕೇ ತಿಂಗಳು. ತಲೆ ಕೆರೆದುಕೊಂಡ.
‘ನೀಲಿ ರಟ್ಟಿನದಾ? ದಪ್ಪನೆಯದು?’
ನೆಲಮಾಳಿಗೆಯ ಗವಾಕ್ಷಿ ಬಡಿಯದ ಹಾಗೆ
ಅವನೇ ಒತ್ತು ಕೊಟ್ಟಿದ್ದನಂತೆ,
ಹತ್ತೋ ಹನ್ನೆರಡೋ ವರ್ಷದ ಹಿಂದೆ.
ತೆಗೆದ. ಗವಾಕ್ಷಿ ಬಡಿಯಿತು.
ಸಮುದ್ರದ ಸದ್ದು ಒಳಗೆ ಬಂತು.

ಹಾಳೆಗಳ ಮಡಿಕೆ ಇನ್ನೂ ಸೀಳಿರಲಿಲ್ಲ.
ಅಚ್ಚಾದ ದಿನ ಹೇಗಿತ್ತೋ ಹಾಗೇ, ಬಾಯಿ ಮುಚ್ಚಿ.
‘ಅಂದರೆ ಯಾರೂ ಓದಿಲ್ಲ.’
‘ಹಾಗಾದರೆ ಆ ಅಡಿಟಿಪ್ಪಣಿ?’
ಮೂವರೂ ನಕ್ಕೆವು. ಗೋರ್ಗಿಗೆ ಕೆಮ್ಮು ಬಂತು.

ಕಾಗದ ಸೀಳುವ ಚಾಕು ಕಳೆದು ಯಾವ ಕಾಲವಾಯಿತೋ;
ಕ್ಯಾಂಟೀನಿನ ಮಾವಿನಕಾಯಿ ಚಾಕು ತೊಳೆದು ತಂದ.
ಸೀಳುತ್ತಾ ಹೋದೆ, ನೂಲು ಹರಿದಂಥ ಸದ್ದು.
ಅರವತ್ತೆರಡನೇ ಪುಟದಲ್ಲಿ ‘ನಿಲ್ಲಿ’ ಅಂದಳು.

ಅಲ್ಲಿ ಹೆಸರುಗಳಿರಲಿಲ್ಲ. ಅಂಕಿಗಳಿದ್ದವು.
ತಳಿ ಹದಿನಾಲ್ಕು: ಕೆಂಪು ಸಿಪ್ಪೆ, ಉದ್ದ ಮುಳ್ಳು.
ತಳಿ ಮೂವತ್ತೊಂದು: ಉಬ್ಬರದಲ್ಲಿ ಮುಳುಗಿಯೂ ಸಾಯದು.
ಗದ್ದೆ ಬದುವಿನ ಮೇಲೆ ನಿಂತು ಅಳೆದಿದ್ದ ಅಧಿಕಾರಿ
ಗದ್ದೆಯೊಳಗೆ ಬಗ್ಗಿದ್ದವರನ್ನು ಕೇಳಿರಲಿಲ್ಲ.
ಅವಳು ಬೆರಳಿಟ್ಟು ಓದಿದಳು, ತನ್ನ ಜೋಲಾ ಮಾತಿನಲ್ಲಿ,
ಆಮೇಲೆ ನಮಗಾಗಿ ಬಿಡಿಸಿ:
‘ಇದು ಮುಂಗೋಪಿ.
ಇದು ಅತ್ತೆಗೆ ಕಾಣದಂತೆ ಇಟ್ಟದ್ದು.
ಇದು... ಉಪ್ಪು ಕುಡಿದೂ ನಗುವವಳು.
ಹದಿನಾಲ್ಕು ಗೊತ್ತಿಲ್ಲ. ಅಮ್ಮನನ್ನು ಕೇಳಬೇಕು.’

ಪುಸ್ತಕದಲ್ಲಿ ಬರೆಯಬಾರದು ಎಂಬ ಫಲಕ
ನನ್ನ ಬೆನ್ನ ಹಿಂದೆಯೇ ಇದೆ.
ಚೀಟಿ ಕೊಟ್ಟೆ. ಚೀಟಿ ಮುಗಿಯಿತು.
ಪೆನ್ಸಿಲು ಮೇಜಿನ ಮೇಲೇ ಬಿಟ್ಟು ಚಹಾಕ್ಕೆ ಹೋದೆ.

ಅವಧಿ ಮುಗಿದಾಗ ಫೋನು ಮಾಡಿದಳು,
ಊರಿನಿಂದ, ಹಿಂದೆ ಕೋಳಿ ಕೂಗುತ್ತಿತ್ತು.
‘ಇನ್ನೊಂದು ತಿಂಗಳು ಇಟ್ಟುಕೊಳ್ಳಬಹುದಾ?’
‘ಇಟ್ಟುಕೋ. ನಿನ್ನ ಹಿಂದೆ ಸಾಲಿನಲ್ಲಿ ಯಾರೂ ಇಲ್ಲ’
ಎಂದೆ. ಅದು ಆ ಮಂಗಳವಾರದ ತನಕ ನಿಜ.
ಬುಧವಾರ ಮಾಂಪೆಲಿಯೆಯಿಂದ ಕಾಗದ:
ಸಿಕ್ಕಿದ್ದು ಕೇಳಿ ಸಂತೋಷ, ಸ್ಕ್ಯಾನು ಮಾಡಿ ಕಳಿಸಬಹುದೇ,
ಪೆನ್ಸಿಲಿನ ಗುರುತುಗಳ ಸಮೇತ?

ಇಪ್ಪತ್ತು ವರ್ಷದ ದಫ್ತರದಲ್ಲಿ
‘ಕೊಟ್ಟದ್ದು’ ಎಂಬ ಅಂಕಣ ಬಹುತೇಕ ಬಿಳಿ.
ಒಂದು ಸಾಲು ಎಳೆದು, ಶಾಯಿ ಆರಲಿ ಎಂದು ಬಿಟ್ಟೆ.
ಆಮೇಲೆ ಉತ್ತರ ಬರೆದೆ:
ಪುಸ್ತಕ ಗದ್ದೆಗೆ ಹೋಗಿದೆ.
ದಯವಿಟ್ಟು ಕಾಯಿರಿ.