ಊದುವ ಪರೀಕ್ಷೆ

ಹದಿನಾಲ್ಕನೇ ಕೋಣೆಯಲ್ಲಿ ದಿನವಿಡೀ ನನ್ನದು ಒಂದೇ ಮಾತು:
ಊದಿ, ಊದಿ, ಊದಿ, ಇನ್ನೂ, ಇನ್ನೂ, ಬಿಡಬೇಡಿ.
ಸಂಜೆ ಹೊತ್ತಿಗೆ ನನ್ನ ಗಂಟಲೇ ಕಟ್ಟಿರುತ್ತದೆ.

ಈರಮಾದಿ ಬಂದದ್ದು ಮಂಗಳವಾರ,
ಬನ್ನೇರುಘಟ್ಟದ ಆಚೆ, ಇರುಳಿಗರ ಕಾಲೊನಿಯಿಂದ,
ಎರಡು ಬಸ್ಸು ಬದಲಿಸಿ, ಮೊಮ್ಮಗನ ಹೆಗಲು ಹಿಡಿದು.
ಎಲಡಿಕೆ ಚೀಲದಲ್ಲಿ ಮೂರು ಆಸ್ಪತ್ರೆಯ ಚೀಟಿ,
ಎರಡೆರಡು ಸಲ ನುಂಗಿ ಮುಗಿಸಿದ ಟಿ.ಬಿ. ಮಾತ್ರೆಯ ಖಾಲಿ ಹಾಳೆ.
ಕೆಮ್ಮು ಮಾತ್ರ ಮುಗಿದಿಲ್ಲ.

ಯಂತ್ರ ಮೊದಲು ಎತ್ತರ ಕೇಳುತ್ತದೆ, ತೂಕ, ವಯಸ್ಸು.
ವಯಸ್ಸೆಷ್ಟಮ್ಮ?
"ಕಾಡಿಂದ ಎಬ್ಬಿಸಿದಾಗ ಮೈನೆರೆದು ಒಂದು ವರ್ಷ ಆಗಿತ್ತು."
ಅರವತ್ತು, ಎಂದು ಒತ್ತಿದೆ.
ಆಮೇಲೆ ಜನಾಂಗ.
ಬಿಳಿಯರು, ಕರಿಯರು, ಏಷ್ಯಾದವರು, ಇತರೆ.
ಎಷ್ಟೋ ದೇಶದ ಸಾವಿರಾರು ಎದೆ ಅಳೆದು ಮಾಡಿದ ಪಟ್ಟಿಯಂತೆ.
ಆ ಗುಡ್ಡದ ಕಡೆಗೆ ಯಾರೂ ಟೇಪು ಹಿಡಿದು ಬಂದಿರಲಿಲ್ಲ.
ಇತರೆ.

ಮೂಗಿಗೆ ಕ್ಲಿಪ್ಪು ಹಾಕಿ, ಜೋರಾಗಿ ಊದಬೇಕು ಎಂದೆ.
ನಕ್ಕಳು. "ನಂಗೆ ಊದೋದು ಹೇಳ್ಕೊಡ್ತೀಯೇನವ್ವಾ?"

ಇಲಿಬಿಲದ ಬಾಯಿಗೆ ತೂತುಮಡಕೆ ಕವುಚಿ
ಹುಲ್ಲಿನ ಹೊಗೆ ಊದಿದವಳು.
ಹೆಜ್ಜೇನಿನ ಕೆಳಗೆ ಹಸಿಸೊಪ್ಪು ಹೊತ್ತಿಸಿ ಊದಿದವಳು,
ಮಳೆಗಾಲದ ಒದ್ದೆ ಸೌದೆಗೆ ಊದಿ ಊದಿ ಕಣ್ಣು ಕೆಂಪಾದವಳು.
ಹುಟ್ಟಿದರೂ ಅಳದ ಮಗನ ಮೂಗಿಗೆ ಬಾಯಿಟ್ಟು ಊದಿ
ಅಳಿಸಿದವಳು.
ಆ ಮಗನೇ ಈ ಹುಡುಗನ ಅಪ್ಪ.
ಜಿಗಣಿಯ ಕಾರ್ಖಾನೆಯಲ್ಲಿ ನಮ್ಮಂಥವರ ಅಡುಗೆಕಟ್ಟೆಗೆ ಕಲ್ಲು ಕೊಯ್ಯುತ್ತ
ಮೂವತ್ತನಾಲ್ಕಕ್ಕೆ ಉಸಿರು ಮುಗಿಸಿದ.
ಧೂಳು ಗುಡಿಸುವ ಕೆಲಸ ಇವಳದು, ಹದಿನೆಂಟು ವರ್ಷ.
ಸೆರಗೇ ಮಾಸ್ಕು.

ಊದಿ, ಊದಿ, ಊದಿ.
ಪರದೆಯ ಗೆರೆ ಮೇಲೇಳಲು ನೋಡಿ
ಅಲ್ಲೇ ಮೊಣಕಾಲೂರಿತು.
ಎರಡನೇ ಸಲಕ್ಕೆ ಕೆಮ್ಮು ನುಗ್ಗಿ ಬಂತು.
ಮೂರನೇ ಸಲ ಆಕೆ ಗೋಡೆಯ ಕಡೆ ನೋಡುತ್ತ,
ಅಲ್ಲಿ ಯಾರೋ ಇದ್ದ ಹಾಗೆ, ಊದಿದಳು.

ನಿರೀಕ್ಷಿತದ ಶೇಕಡಾ ನಲವತ್ತೊಂದು, ಎಂದು ಯಂತ್ರ ಅಚ್ಚು ಹಾಕಿತು.
ಕೆಳಗೆ ಸಣ್ಣಕ್ಷರದಲ್ಲಿ: ರೋಗಿಯ ಪ್ರಯತ್ನ ಸಾಲದು.
ಆ ಸಾಲನ್ನು ಪೆನ್ನಿನಿಂದ ಹೊಡೆದೆ.
ಡಾಕ್ಟರು ಬೈದರೆ ಬೈಯಲಿ.

ರಟ್ಟಿನ ಕೊಳವೆ ಬುಟ್ಟಿಗೆ ಹಾಕಲು ಕೈ ಚಾಚಿದರೆ
ಆಕೆ ಕೊಡಲಿಲ್ಲ.
"ಎಸೆಯೋದೇ ತಾನೆ? ಒಲೆ ಊದೋಕೆ ಆಗುತ್ತೆ."
ಸೋಂಕಮ್ಮ, ಕೊಡುವ ಹಾಗಿಲ್ಲ.
"ನನ್ನದೇ ಬಾಯಿ, ನನ್ನದೇ ಒಲೆ."
ಹುಡುಗ ಅದನ್ನು ಇಸಿದುಕೊಂಡು
ಕಣ್ಣಿಗಿಟ್ಟು, ಅದರೊಳಗಿಂದ ನನ್ನನ್ನು ನೋಡಿದ.

ಹದಿನೇಳನೇ ನಂಬರು, ಎಂದು ಕೂಗಿದೆ.