ಐದನೇ ಜೇಬು

ಜೀನ್ಸ್ ಪ್ಯಾಂಟಿಗೆ ಐದು ಜೇಬು. ನನ್ನ ಪಾಲಿಗೆ ಐದನೆಯದು,
ಬಲಗಡೆಯ ದೊಡ್ಡ ಜೇಬಿನ ಬಾಯಲ್ಲಿ
ಕುಕ್ಕರಗಾಲಲ್ಲಿ ಕೂತ ಗಿಡ್ಡ ಮರಿ.
ಕೌಲ್ ಬಜಾರಿನ ತಗಡಿನ ಅಟ್ಟದಲ್ಲಿ
ದಿನಕ್ಕೆ ನಾನೂರು ಹೊಲೀತೀನಿ.
ಇಪ್ಪತ್ತೆರಡು ವರ್ಷದಲ್ಲಿ
ಅದರೊಳಗೆ ಯಾರೂ ಏನೂ ಇಟ್ಟಿದ್ದು ಕಾಣೆ.
"ಇದ್ಯಾಕೆ ಬೇಕು?" ಅಂದೆ ಒಮ್ಮೆ, ಮೇಸ್ತ್ರಿ ಎರ್ರಿಸ್ವಾಮಿಗೆ.
"ಇಲ್ಲಾಂದ್ರೆ ಮಾಲು ವಾಪಸ್ ಬರ್ತೈತವ್ವ."

ಹೋದ ಸಲ ಗಾದಿಲಿಂಗಪ್ಪ ನಿಂತಿದ್ದ.
ವಾಶಿಂಗ್ ಯೂನಿಟ್ಟಿನವನು, ಮೊಣಕೈತನಕ ನೀಲಿ,
ಕೂಲಿ ಕೇಳಿ ಮೂರು ಸಲ ಕೆಲಸ ಕಳಕೊಂಡವನು.
ಗುರುತು ಹೊಲಿಗೆ ಯಂತ್ರ.
ಅರ್ಧ ಅಳಿಸಿದ ಜೆರಾಕ್ಸ್ ಚೀಟಿ ಕೈಗಿಟ್ಟು
"ಗೆಲ್ಲಲ್ಲ, ಗೊತ್ತೈತೆ. ನಾವೂ ಇದೀವಂತ
ಎಣಿಸಲಿ, ಅದಕ್ಕೆ ನಿಂತೀನಿ" ಅಂದ.

ಉಳಿದ ಇಬ್ಬರಲ್ಲಿ
ಒಬ್ಬ ಉಂಡು ತೇಗುವವನು.
ಇನ್ನೊಬ್ಬ ಉಂಡು, ನಮ್ಮ ಎಲೆಯನ್ನೂ
ಮಡಚಿ ಒಯ್ಯುವವನು.
ನಾನು ಹೊಲಿಗೆ ಯಂತ್ರ ಒತ್ತಿ ಬಂದೆ.
ಬಂದವಳು ಸುಮ್ಮನಿರಲಿಲ್ಲ,
ಹಬ್ಬದ ಹೋಳಿಗೆ ಹಂಚಿದ ಹಾಗೆ ಓಣಿಗೆಲ್ಲ ಹೇಳಿದೆ.

ಎಲೆ ಒಯ್ಯುವವನು ಐನೂರಾ ನಲವತ್ತರಿಂದ ಗೆದ್ದ.
ಹೊಲಿಗೆ ಯಂತ್ರಕ್ಕೆ ಆರುನೂರಾ ಹನ್ನೆರಡು.
ಲೆಕ್ಕ ಬರದವರಿಗೂ ಬಾಯಿಪಾಠವಾಯಿತು ಈ ಲೆಕ್ಕ.

ಎಂಟನೇ ತಿಂಗಳು ಜೆಸಿಬಿ ಬಂತು,
ಗುಡ್ಡದ ನೆರಳು ಇನ್ನೂ ಓಣಿ ಬಿಟ್ಟಿರಲಿಲ್ಲ.
ರಸ್ತೆ ಅಗಲ ಮಾಡ್ತಾರಂತೆ.
ರಸ್ತೆ ಇವತ್ತಿಗೂ ಬಂದಿಲ್ಲ.
ಹೊನ್ನೂರ್‌ಬಿ ಬೋರಲು ಹಾಕಿದ ಹಂಡೆಯ ಮೇಲೆ
ರೇಷನ್ ಕಾರ್ಡು ಎದೆಗವಚಿ ಕೂತಿದ್ದಳು.
ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
"ಚೇಳು ಕಡಿದ್ರೆ ರಾತ್ರಿಯೆಲ್ಲ ಅಳಬೌದು, ಅಕ್ಕ.
ಹಾವು ಕಡಿದ್ರೆ
ಅಳಾಕೂ ರಾತ್ರಿ ಇರಲ್ಲ."

ಗಾದಿಲಿಂಗಪ್ಪ ಬಂದು ಇಟ್ಟಿಗೆ ಆಯುತ್ತಿದ್ದ,
ಇಡಿಯವು ಒಂದು ಕಡೆ, ಒಡಕು ಒಂದು ಕಡೆ.
ಯಾರೋ ಹುಡುಗ ಮೊಬೈಲು ತಿಕ್ಕುತ್ತಾ ಓದಿದ,
"ನಮ್ಮ ಬೂತು. ಹೊಲಿಗೆ ಯಂತ್ರ. ಒಂದು."
ಒಂದು ನಂದು.
ಆ ಬೂತಲ್ಲೇ ಅವನ ಓಟು, ಅವನ ಹೆಂಡತಿ ಶಂಕ್ರಮ್ಮಂದೂ.
ಅವನ ಮುಖ ನೋಡಿದೆ.
ಕೈ ನಿಲ್ಲಿಸದೆ, ಇಟ್ಟಿಗೆಗೆ ಹೇಳಿದ ಹಾಗೆ ಹೇಳಿದ:
"ನಮ್ಮನೆ ಮ್ಯಾಲೂ ತಗಡೇ ಐತಲ್ಲವ್ವ."

ಈ ಸಲವೂ ನಿಂತಿದ್ದಾನೆ. ಯಾಕೆಂದು ಕೇಳಲಿಲ್ಲ.

ರೂಪನಗುಡಿ ರಸ್ತೆಯ ಶಾಲೆ, ಮೇ ತಿಂಗಳ ಹತ್ತು ಗಂಟೆ,
ಚಪ್ಪಲಿ ದಾಟಿ ಸುಡುವ ನೆಲ.
ಮುಂದೆ ಹೊನ್ನೂರ್‌ಬಿ, ಹಿಂದೆ ನಾನು.
ಶಾಯಿ ಹಚ್ಚುವ ಮೇಷ್ಟ್ರು ನನ್ನ ಬೆರಳು ತಿರುಗಿಸಿ ಮುರುಗಿಸಿ,
"ಏನಮ್ಮ, ಆಗಲೇ ಹಾಕಿ ಬಂದೀಯಾ?"
"ಬಟ್ಟೆ ಬಣ್ಣ ಸಾರ್. ಹೋಗಲ್ಲ."
ಒರೆಸಿದರು. ಮತ್ತೆ ಒರೆಸಿದರು.
ಕೊನೆಗೆ ಉಗುರಿನ ಬುಡದಲ್ಲಿ
ಎಳ್ಳಿನಷ್ಟು ಬೆಳ್ಳಗಿನ ಜಾಗ ಹುಡುಕಿ ಗೀಟೆಳೆದರು.

ರಟ್ಟಿನ ಮರೆ. ತೇಗುವವನು, ಒಯ್ಯುವವನು,
ಅವರ ಕೆಳಗೆ ಇನ್ಯಾರ್ಯಾರೋ,
ಅವರ ಕೆಳಗೆ ನನ್ನ ಅನ್ನದ ಚಿತ್ರ.
ಹೊಲಿಗೆ ನಡುವೆ ಎಂದೂ ಕಾಲೆತ್ತದವಳು
ಕೈ ಎತ್ತಿಕೊಂಡು ನಿಂತೆ.
ಹೊರಗೆ ಯಾರೋ ಕೆಮ್ಮಿದರು.
ಹೊನ್ನೂರ್‌ಬಿಯ ಗೋಡೆ ಈ ಸಲ ಹಾಲೋಬ್ರಿಕ್ಕು,
ಗಾರೆ ಇನ್ನೂ ಆಗಿಲ್ಲ.
ಒತ್ತಿದೆ.
ಗಾಜಿನ ಹಿಂದೆ ಒಂದು ಚೀಟಿ
ಏಳು ಎಣಿಸುವಷ್ಟು ಹೊತ್ತು ಬೆಳಗಿ, ಬಿತ್ತು.

ಯಾವುದೆಂದು ಹೇಳಲ್ಲ.
ಹೋದ ಸಲ ಮಾಡಿದ ತಪ್ಪು
ಒತ್ತಿದ್ದೋ ಹೇಳಿದ್ದೋ, ಇನ್ನೂ ಗೊತ್ತಾಗಿಲ್ಲ ನನಗೆ.

ಬೇವಿನಡಿ ಹೊನ್ನೂರ್‌ಬಿ ನೀರಿನ ಬಾಟಲಿ ಚಾಚಿದಳು.
ಅವಳು ಕೇಳಲಿಲ್ಲ. ನಾನೂ.
ಸಾಹುಕಾರ ಕೊಟ್ಟಿದ್ದು ಅರ್ಧ ದಿನದ ರಜೆ.
ಮಿಷನ್ನಿಗೆ ಬಂದು ಕೂತೆ.
ಸೆರಗಿನ ಗಂಟಲ್ಲಿ ಓಟಿನ ಚೀಟಿ ಉಳಿದಿತ್ತು,
ಹೆಸರು, ಗಂಡನ ಹೆಸರು, ಕ್ರಮಸಂಖ್ಯೆ.
ಎಂಟು ಮಡಿಕೆ ಮಾಡಿ
ಐದನೇ ಜೇಬಿಗೆ ತುರುಕಿ ನೋಡಿದೆ.

ಹಿಡಿಸಿತು.
ತೆಗೆಯಬೇಕು ಅಂತಿದ್ದೆ,
ಅಷ್ಟರಲ್ಲಿ ಎರ್ರಿಸ್ವಾಮಿ ಗಂಟು ಕಟ್ಟಿ ಲಾರಿಗೆ ಹಾಕಿದ.