ಸ್ಟಾಕಿನೊಳಗ ಒಂದು ಮಾಲಿ

ಎರಡನೇ ಗುರುವಾರ, ಸಂಜಿ ಆರೂವರಿಗೆ ಸಭಾ.
ವಿಷಯ: ‘ಸಮಯದ ಸದುಪಯೋಗ’.
ಏಳೂಕಾಲಕ್ಕ ಫೋನು ಬಂತು:
ಅತಿಥಿಗಳು ಬಂಕಾಪುರ ಟೋಲಿನಿಂದ ಹಂಗ ಹೊಳ್ಳಿ ಹೋದರಂತ,
ಕಾರ್ಯಬಾಹುಳ್ಯ.

ಖುರ್ಚಿ ಮೂವತ್ತಾರು. ಮಂದಿ ಹದಿನಾಲ್ಕು,
ಅದರಾಗ ಇಬ್ಬರು ಮೈಕಿನವರು.
ಅಧ್ಯಕ್ಷರು, ಹಲ್ಲಿನ ಡಾಕ್ಟರು, ಎದ್ದು ನಿಂತು
ಬರದ ಅತಿಥಿಗೂ ವಂದನಾರ್ಪಣಿ ಮಾಡಿದರು,
ಬಾಯಿ ರೂಢಿ.
ಉಪ್ಪಿಟ್ಟು ಉಳೀಲಿಲ್ಲ.
ಮಾಲಿ ಉಳೀತು.

ಏಲಕ್ಕಿ ಮಾಲಿ, ಐದೆಳಿ.
ಹಾವೇರಿ ಮಂದಿಗೆ ಬ್ಯಾರೇ ಹಾರ ಹಾಕಿ ಗೊತ್ತಿಲ್ಲ.
ಖೈರೂನಬಿ ಎರಡು ರಾತ್ರಿ ಕುಂತು ಪೋಣಿಸಿದ್ದು,
ನಡುನಡುವ ಜರಿ, ಉಣ್ಣಿ ಚಂಡು, ಕೆಳಗೊಂದು ಪದಕ.
“ಯಾರ ಕೊಳ್ಳಿಗ್ರೀ ಇದು?” ಅಂದಿದ್ಲು, ಮುಂಗಡ ಇಸಗೊಳ್ಳುವಾಗ.
“ದೊಡ್ಡವರು” ಅಂದೆ.
“ಕೊಳ್ಳಿನ ಅಳತಿ ಎಲ್ಲಾರದೂ ಒಂದ ಐತಿ ತಗೋರಿ”
ಅಂದು ದಾರ ಕಡದ್ಲು, ಹಲ್ಲಿಲೆ.

ಖಜಾಂಚಿ ಮೆಣಸಿನಕಾಯಿಯವರು ವಹಿ ತಗದರು.
ಎಂಟನೂರಾ ಐವತ್ತು. ಯಾರಿಗೆ ಹಾಕಿದ್ರಿ?
ಯಾರಿಗೂ ಇಲ್ಲ.
ಹಂಗಾರ ಇದು ಖರ್ಚಲ್ಲ, ಅಂದರು, ಸ್ಟಾಕು.
ಕೆಂಪು ಶಾಯಿಲೆ ಬರದರು:
‘ಮಾಲೆ ಒಂದು, ದಾಸ್ತಾನಿನಲ್ಲಿದೆ.’

ಹಿಂಗ ಅದು ಕಪಾಟಿಗೆ ಹೋತು.
ಹಸರು ಕಬ್ಬಿಣದ ಕಪಾಟು, ಒದ್ದರಷ್ಟ ತೆರೀತೈತಿ, ಒದ್ದರಷ್ಟ ಮುಚ್ಚತೈತಿ.
ಒಳಗ ನೋಟಬುಕ್ಕಿನ ಕಟ್ಟು, ಕನ್ನಡಕದ ಡಬ್ಬಿ,
ತಾರೀಖಿನ ಮ್ಯಾಲೆ ತಾರೀಖು ಅಂಟಿಸಿದ ಬ್ಯಾನರು,
ಹೋದ ವರ್ಷದ ಕಂಬಳಿ,
ಒಂದ ಊರುಗೋಲು. ಅದರ ಜೋಡಿ ಎಲ್ಲಿ ಹೋತೋ.

ನಾನು ಕಾರ್ಯದರ್ಶಿ. ಟಾಯರ ಅಂಗಡಿಯಂವ.
ನನ್ನ ಮೂಗಿಗೆ ರಬ್ಬರ ಬಿಟ್ಟು ಬ್ಯಾರೇ ವಾಸನಿ ಹತ್ತೂದಿಲ್ಲ.
ಅದಕ್ಕ ನನಗ ಗೊತ್ತಾಗಲಿಲ್ಲ.

ಜೂನದಾಗ ಕರ್ಜಗಿ ಕಡೆ ಒಂದು ಶಾಲಿಗೆ ನೋಟಬುಕ್ಕ ಒಯ್ದ್ವಿ.
ಫೋಟೋದ ಹೊತ್ತಿಗೆ ಸಾಲು ಕೆಟ್ಟಿತು.
ಹುಡುಗೂರೆಲ್ಲಾ ಪುಸ್ತಕ ತೆರದು ಮಾರಿಗೆ ಹಿಡಕೊಂಡಿದ್ವು,
ಓದಾಕಲ್ಲ.
“ಸರ, ಹಾಳಿ ಗೋದಿಹುಗ್ಗಿ ಆಗ್ಯಾವ್ರಿ” ಅಂದ್ಲು ಎರಡ ಜಡಿಯ ನೀಲಮ್ಮ.
ಮಾಸ್ತರು ಬೈದರು. ಆಮ್ಯಾಲೆ ತಾವೂ ಒಂದು ಮೂಸಿದರು.

ಆಗಸ್ಟಿನಾಗ ಕಣ್ಣಿನ ಶಿಬಿರ.
ಗುತ್ತಲದ ಮುದುಕ ಕನ್ನಡಕ ಏರಿಸಿ
ಅಕ್ಷರ ಓದೂಕಿಂತ ಮೊದಲ ಕೇಳಿದ:
“ಇಲ್ಲೆ ಯಾರದಾರ ಮದಿವಿ ಐತೇನ್ರಿ?”

ನಡುವ ಭಾಷಣಕಾರರು ಬಂದರು, ಹೋದರು.
ಸಕ್ಕರಿ ರೋಗ. ಉಳಿತಾಯ ಯೋಜನಾ.
ಸೇವೆಯೇ ಜೀವನ ಅಂತ ಒಬ್ಬರು ಐವತ್ತು ನಿಮಿಷ.
ಎಲ್ಲಾ ಬರಕೊಂಡೀನಿ; ಈಗ ಓದಿದರ ನನ್ನ ಅಕ್ಷರ ಅಷ್ಟ ಕಾಣತಾವ.
ಜೇನು ಸಾಕೋ ಹೆಣ್ಣಮಗಳು ಮಾತ್ರ ಪೆಟಗಿ ತಂದಿದ್ಲು.
ಒಂದು ಹುಳ ತಪ್ಪಿಸಿಕೊಂಡು
ಕಪಾಟಿನ ಸಂದಿಗೆ ಹೋಗಿ ಕುಂತಿತು,
ವಂದನಾರ್ಪಣಿ ಮುಗದರೂ ಏಳಲಿಲ್ಲ.
ಆವಾಗ ತಿಳೀತು ನನಗ.

ಥಂಡಿಯೊಳಗ ಬಸ್‌ಸ್ಟ್ಯಾಂಡಿನಾಗ ಕಂಬಳಿ ಕೊಟ್ವಿ.
ಒಬ್ಬಾಕಿ ಹೊತ್ತುಕೊಂಡು, ತಗದು, ಮೂಸಿ,
ಮತ್ತ ಹೊತ್ತುಕೊಂಡು ಏನೂ ಅನಲಿಲ್ಲ.
ನಡಾವಳಿಯೊಳಗ ಹಂಗ ಬರದೆ: ‘ಏನೂ ಅನಲಿಲ್ಲ.’
ಅಧ್ಯಕ್ಷರು ಹೊಡದು ಹಾಕಿದರು.

ಮಾರ್ಚಿಗೆ ಅವರು ಬರತೇನಿ ಅಂದರು, ಸಮಯದವರು.
“ಸ್ಟಾಕಿನಾಗ ಐತೆಲ್ಲಾ” ಅಂದರು ಖಜಾಂಚಿ.
ಕಪಾಟು ಒದ್ದು ತೆರದೆ. ಕಾಯಿ ಬಣ್ಣ ಬಿಟ್ಟು ಹುಲ್ಲಾಗಿದ್ವು.
ಕಂಬಳಿ ಇನ್ನೂ ನಾಲ್ಕ ಇದ್ವು.
ಮತ್ತ ಒದ್ದು ಮುಚ್ಚಿದೆ.

ಖೈರೂನಬಿ ಈ ಸಲ ಯಾರಿಗಂತ ಕೇಳಲಿಲ್ಲ.
ರೊಕ್ಕ ನನ್ನ ಗಲ್ಲಾದ್ದು.
ಅವರು ಬಂದರು, ನಲವತ್ತು ನಿಮಿಷ ತಡ.
ಹಾಕಿದ್ವಿ. ಚಪ್ಪಾಳಿ.
ಕೊಳ್ಳಾಗಿಂದು ತಗದು ಟೇಬಲ್ಲಿಗಿಟ್ಟು
ಸಮಯದ ಬಗ್ಗೆ ಮಾತಾಡಿದರು.

ವಹಿಯೊಳಗ ಹಳೇದು ಹಂಗ ಐತಿ:
ಮಾಲೆ ಒಂದು, ದಾಸ್ತಾನಿನಲ್ಲಿದೆ.
ಹೊಸಾದರ ಲೆಕ್ಕ ಎಲ್ಲೂ ಬರದಿಲ್ಲ.
ಇಲ್ಲೆ ಬರದೀನಿ.